ಬಿಚ್ಚೋಕ್ ಮುಂಚೆ ಒಂದ್ನಿಮಿಷ ನಿಲ್ಲಿ ಸಾರ್

ಹಳೇ ಗಾಡಿ ಅಂಕಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಶುರುವಾಗಿವೆ, "ಸಾರ್, ಎಲ್ಲಾ ಬಿಚ್ಚಿ ಹಾಕಿದೀನಿ, ಈಗ ಏನ್ ಮಾಡ್ಲಿ" ಅಂತ. ಬಿಚ್ಚೋಕ್ ಮುಂಚೆ ಬರೆದಿದ್ರೆ ಒಂದು ಇನ್‌ಲ್ಯಾಂಡ್ ಲೆಟರ್‌ನಲ್ಲಿ ಮುಗಿಯೋ ಕೆಲಸ ಈಗ ಮೂರು ಡಬ್ಬ ನಟ್ಟು ಬೋಲ್ಟು ಆಗಿ ಕೂತಿದೆ. ಬೈತಿಲ್ಲ, ನಾನೂ ಅದೇ ಜಾತಿ. ಸರಿ, ಪ್ರಶ್ನೆಗಳಿಗೆ ಬರೋಣ.

ಪ್ರ: ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ, ಇಪ್ಪತ್ತು ಕಿಲೋಮೀಟರ್ ಚೆನ್ನಾಗೇ ಓಡುತ್ತೆ, ಆಮೇಲೆ ಎರಡು ಜರ್ಕ್ ಹೊಡೆದು ನಿಂತ್ಬಿಡುತ್ತೆ. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಪ್ಲಗ್, ಕಾಯಿಲ್, ಕಾರ್ಬ್ಯುರೇಟರ್ ಕಿಟ್ ಎಲ್ಲಾ ಹೊಸದು ಹಾಕಿಯಾಯ್ತು. ಮನೇಲಿ ಯಾರೂ ಹತ್ತೋಕೆ ಒಪ್ತಿಲ್ಲ. (ಹಾಸನದ ಓದುಗರು)

ಉ: ಮನೆಯವರು ಒಪ್ಪದೇ ಇರೋದು ನ್ಯಾಯವಾಗೇ ಇದೆ ಬಿಡಿ. ಆದ್ರೆ ನೀವು ಕಾಸು ಖರ್ಚು ಮಾಡಿದ್ದು ಗಾಡಿ ತಣ್ಣಗಿದ್ದಾಗ, ಅದು ಕಾಯಿಲೆ ಬೀಳೋದು ಬಿಸಿಯಾದಾಗ. ಜ್ವರ ಇಲ್ಲದ ಹೊತ್ತಲ್ಲಿ ಥರ್ಮಾಮೀಟರ್ ಇಟ್ಟ ಹಾಗಾಯ್ತು. ಇನ್ನೊಂದ್ಸಲ ನಿಂತಾಗ ತಕ್ಷಣ ಇಳಿದು, ಅಲ್ಲೇ ರಸ್ತೆ ಪಕ್ಕದಲ್ಲೇ ನೋಡ್ಬೇಕು, ಅರ್ಧ ಗಂಟೆ ಟೀ ಕುಡಿದು ಬಂದ್ರೆ ಸಾಕ್ಷಿ ಎಲ್ಲಾ ಮಾಯ.

ಮೊದಲು ಕರೆಂಟು. ಎಲ್ಲೂ ಪೆಟ್ರೋಲ್ ಸೋರ್ತಿಲ್ಲ ಅಂತ ನೋಡ್ಕೊಂಡು, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟು ಹಂಚೋ ಡಬ್ಬಿ) ಕ್ಯಾಪಿನ ನಡುವಿಂದ ದಪ್ಪ ವೈರ್ ಎಳೆದು, ರಬ್ಬರ್ ಹಿಡಿ ಇರೋ ಕಟಿಂಗ್ ಪ್ಲೇಯರಲ್ಲಿ ಹಿಡಿದು ಇಂಜಿನ್ ಬಾಡಿಯಿಂದ ಒಂದರ್ಧ ಸೆಂಟಿಮೀಟರ್ ದೂರ ಇಡಿ, ಜೊತೇಲಿರೋರಿಗೆ ಸೆಲ್ಫ್ ಹೊಡೆಯೋಕೆ ಹೇಳಿ. ನೀಲಿ ಕಿಡಿ ಚಟ್ ಚಟ್ ಅಂತ ಸದ್ದು ಮಾಡ್ಕೊಂಡು ಹಾರಿದ್ರೆ ಕರೆಂಟಿನ ಮೇಲೆ ಅನುಮಾನ ಬಿಟ್ಟುಬಿಡಿ. ಕಿತ್ತಳೆ ಬಣ್ಣದ್ದು, ಸದ್ದಿಲ್ಲದ್ದು, ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ ಅನ್ನೋ ಥರದ್ದಾದ್ರೆ ಕಂಡೆನ್ಸರ್ (ಡಿಸ್ಟ್ರಿಬ್ಯೂಟರ್‌ಗೆ ಸೇರಿದ ಪುಟ್ಟ ಡಬ್ಬಿ) ನೋಡಿ. ನೀವು ಬದಲಾಯಿಸಿದ ಪಟ್ಟಿಯಲ್ಲಿ ಅದಿಲ್ಲ, ಇರೋದ್ರಲ್ಲಿ ಅತೀ ಅಗ್ಗದ್ದೂ ಅದೇ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದ್ಮೇಲೆ ಸರಿಹೋಗೋದು ಕಂಡೆನ್ಸರ್‌ದೂ ಕಾಯಿಲ್‌ದೂ ಇಬ್ಬರದೂ ಹುಟ್ಟುಗುಣ. ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟು ಕೂಡಿಸಿ ಬಿಡಿಸೋ ಸ್ವಿಚ್) ತೆಗೆದು ನೋಡಿ, ಒಂದು ಕಡೆ ಗುಳಿ ಬಿದ್ದು ಇನ್ನೊಂದು ಕಡೆ ಉಬ್ಬು ಎದ್ದಿದ್ರೆ ಕಂಡೆನ್ಸರ್ ಮೇಲಿನ ಅನುಮಾನ ಇನ್ನೂ ಗಟ್ಟಿ. ಹೊಸ ಪಾಯಿಂಟ್ ಹಾಕಿದ್ರೆ ಗ್ಯಾಪು 0.45 ಮಿ.ಮೀ. ಆಸುಪಾಸು ಇರಲಿ, ಕಣ್ಣಂದಾಜು ಬೇಡ, ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡು) ಇಟ್ಟೇ ನೋಡಿ.

ಕಿಡಿ ಚೆನ್ನಾಗಿದ್ರೆ ಪೆಟ್ರೋಲು. ಪೆಟ್ರೋಲಲ್ಲಿರೋ ಹಗುರ ಅಂಶ 40 ಡಿಗ್ರಿ ಆಸುಪಾಸಲ್ಲೇ ಆವಿಯಾಗೋಕೆ ಶುರುವಾಗುತ್ತೆ, ಪದ್ಮಿನಿಯ ಪೆಟ್ರೋಲ್ ಪಂಪ್ ಕೂತಿರೋದು ಇಂಜಿನ್ನಿಗೇ ಅಂಟ್ಕೊಂಡು, ಟ್ಯಾಂಕ್ ಇರೋದು ಡಿಕ್ಕಿ ಕಡೆ. ಅಷ್ಟು ದೂರದಿಂದ ಎಳ್ಕೊಳ್ಳೋ ಪಂಪಿಗೆ ಹನಿ ಬದಲು ಗುಳ್ಳೆ ಸಿಕ್ಕಿದ್ರೆ ಅದು ಗಾಳೀನೇ ಜಗಿಯುತ್ತೆ. ಬೊಂಬಾಯಿ ಟ್ಯಾಕ್ಸಿಯವರು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಓಡಾಡ್ತಿದ್ದಿದ್ದು ಶೋಕಿಗಲ್ಲ. ನಿಂತಾಗ ಪಂಪಿಗೆ ಒದ್ದೆ ಬಟ್ಟೆ ಹಾಕಿ, ಎರಡು ನಿಮಿಷದಲ್ಲಿ ಸ್ಟಾರ್ಟ್ ಆದ್ರೆ ರೋಗ ಗೊತ್ತಾಯ್ತು ಅಂತ. ಆಮೇಲೆ ಪೆಟ್ರೋಲ್ ಪೈಪು ಸೈಲೆನ್ಸರ್ ಪಕ್ಕ ಎಲ್ಲಾದ್ರೂ ತಾಗ್ತಿದೆಯಾ, ಪಂಪಿಗೂ ಬ್ಲಾಕಿಗೂ ಮಧ್ಯದ ದಪ್ಪ ಪ್ಯಾಕಿಂಗ್ ಯಾರಾದ್ರೂ ಪುಣ್ಯಾತ್ಮ ತೆಗೆದು ಕಾಗದದ್ದು ಹಾಕಿದಾನಾ ನೋಡ್ಕೊಳ್ಳಿ. ಆ ದಪ್ಪದ್ದು ಇರೋದೇ ಇಂಜಿನ್ ಶಾಖ ಪಂಪಿಗೆ ದಾಟದೇ ಇರ್ಲಿ ಅಂತ.

ಇನ್ನು ನನ್ನ ಮಾನ ಕಳೆಯೋ ಕಥೆ. ನನ್ನ ಪದ್ಮಿನಿಗೂ ಇದೇ ರೋಗ ಇತ್ತು, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮೂರು ಸಲ ನಿಂತಿತ್ತು, ಒದ್ದೆ ಬಟ್ಟೆ ಹಾಕಿದೆ, ಎರಡು ಸಲ ಕಾರ್ಬ್ಯುರೇಟರ್ ಬಿಚ್ಚಿ ಗುಂಡುಸೂಜಿ ಹಾಕಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಜೆಟ್ ಚುಚ್ಚಿದೆ (ಹಾಗೆ ಮಾಡ್ಬಾರ್ದು, ಜೆಟ್ಟಿನ ತೂತು ದೊಡ್ಡದಾಗುತ್ತೆ, ಊದಬೇಕು ಅಷ್ಟೆ), ಪಂಪಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಬದಲಾಯಿಸಿದೆ, ಏನೂ ಪ್ರಯೋಜನ ಇಲ್ಲ. ಕೊನೆಗೆ ಒಂದಿನ ಸಕಲೇಶಪುರದಲ್ಲಿ ಪೆಟ್ರೋಲ್ ಹಾಕಿಸೋಕೆ ಟ್ಯಾಂಕ್ ಮುಚ್ಚಳ ತಿರುಗಿಸಿದ್ರೆ ಉಸ್ಸ್... ಅಂತ ಗಾಳಿ ಒಳಗೆ ಎಳ್ಕೊಳ್ತು! ಹಳೇ ಮುಚ್ಚಳ ತುಕ್ಕು ಹಿಡಿದಿದೆ ಅಂತ ನಾನೇ ಪಳಪಳ ಅನ್ನೋ ಹೊಸದು ಹಾಕಿದ್ದೆ, ಅದಕ್ಕೆ ಗಾಳಿ ತೂತೇ ಇರ್ಲಿಲ್ಲ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗದೇ ಇದ್ರೆ ಪಂಪ್ ಎಷ್ಟು ಅಂತ ಎಳೆಯುತ್ತೆ, ಎಳನೀರಿಗೆ ಸ್ಟ್ರಾ ಹಾಕಿ ಪಕ್ಕದ ಸಂದು ಬೆರಳಲ್ಲಿ ಮುಚ್ಚಿ ಕುಡಿದು ನೋಡಿ. ಅರ್ಧ ಗಂಟೆ ಬಿಟ್ರೆ ನಿಧಾನಕ್ಕೆ ಗಾಳಿ ಸೇರ್ಕೊಂಡು ಮತ್ತೆ ಓಡ್ತಿತ್ತು. ಹಾಗಾಗಿ ಇದೆಲ್ಲಾ ಮಾಡೋಕ್ ಮುಂಚೆ ಗಾಡಿ ನಿಂತ ತಕ್ಷಣ ಮುಚ್ಚಳ ತೆಗೆದು ಕಿವಿ ಕೊಡಿ. ಅದಕ್ಕೆ ಪಾನ (ಸ್ಪಾನರ್) ಕೂಡ ಬೇಡ.

ಪ್ರ: ಅಣ್ಣಾ, ಅಂಬಾಸಿಡರ್ ಮಾರ್ಕ್ 2 ತಗೊಂಡಿದೀನಿ. ನನ್ನ ಹತ್ರ ಒಳ್ಳೇ ಕಂಪನಿ ಸ್ಪಾನರ್ ಸೆಟ್ ಇದೆ ಆದ್ರೂ ನಟ್ಟುಗಳೆಲ್ಲ ರೌಂಡ್ ಆಗ್ತಿವೆ. ನಟ್ಟೇ ಲೋಕಲ್ಲಾ? (ದಾವಣಗೆರೆ)

ಉ: ನಟ್ಟು ಸರಿಯಾಗಿದೆ ತಮ್ಮಾ, ನಿನ್ನ ಸೆಟ್ ಮಿಲಿಮೀಟರ್‌ದು. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಹೊಟ್ಟೇಲಿ, ಅದರ ಲೆಕ್ಕ ಎಲ್ಲಾ ಇಂಚಲ್ಲಿ. ಅರ್ಧ ಇಂಚಿನ ನಟ್ಟು ಅಂದ್ರೆ 12.7 ಮಿ.ಮೀ., ನೀನು 13ರ ಪಾನ ಹಾಕ್ತೀಯ, ಕೂತ ಹಾಗೆ ಅನ್ಸುತ್ತೆ, ಜೋರಾಗಿ ಒತ್ತಿದ ಕೂಡಲೇ ಮೂಲೆ ಸವೆದು ಜಾರುತ್ತೆ, ಅದರ ಜೊತೆ ನಿನ್ನ ಬೆರಳಿನ ಗೆಣ್ಣಿನ ಚರ್ಮಾನೂ ಹೋಗುತ್ತೆ. 9/16 ಅಂದ್ರೆ 14.29, ಅದಕ್ಕೆ 14ರದ್ದು ಹೋಗಲ್ಲ, 15ರದ್ದು ಲೊಡಲೊಡ. 7/16, 1/2, 9/16, 5/8 ಇಷ್ಟು ರಿಂಗ್ ಸ್ಪಾನರ್ ತಗೊಂಡ್ರೆ ಗಾಡಿಯ ಮುಕ್ಕಾಲು ಪಾಲು ಕೆಲಸ ಆಗುತ್ತೆ. ಪದ್ಮಿನಿಯವರಿಗೆ ಈ ಗೋಳಿಲ್ಲ, ಅದು ಇಟಲಿ ಮೂಲ, ಮಿಲಿಮೀಟರೇ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಮಲ್ಕೋ, ಬೆಳಗ್ಗೆ ಇನ್ನೊಂದ್ಸಲ ಬಿಡು, ಆಮೇಲೆ ಪಾನ ಹಾಕು.

ಪ್ರ: ನಮ್ಮ ತಾತನ 1967ರ ಅಂಬಾಸಿಡರ್ ತೋಟದ ಮನೆ ಶೆಡ್ಡಲ್ಲಿ ಹದಿಮೂರು ವರ್ಷದಿಂದ ನಿಂತಿದೆ. ಹೊಸ ಬ್ಯಾಟರಿ ತಂದಿಟ್ಟಿದೀನಿ. ಭಾನುವಾರ ಸ್ಟಾರ್ಟ್ ಮಾಡೋಣ ಅಂತ, ನೆಂಟರನ್ನೂ ಕರೆದಿದೀನಿ. ಏನಾದ್ರೂ ಜಾಗ್ರತೆ ಇದ್ರೆ ತಿಳಿಸಿ. (ತೀರ್ಥಹಳ್ಳಿ ಹತ್ರದ ಒಬ್ಬ ಓದುಗ)

ಉ: ನೆಂಟರಿಗೆ ಕಡುಬು ಮಾಡಿ ಹಾಕಿ ಕಳಿಸಿ, ಸೆಲ್ಫ್ ಮಾತ್ರ ಮುಟ್ಟಬೇಡಿ.

ಹದಿಮೂರು ಮಲೆನಾಡ ಮಳೆಗಾಲ ಕಳೆದಿರೋ ಇಂಜಿನ್ನು ಒಳಗೆ ಒಣಗಿ ಕೂತಿರುತ್ತೆ, ಸಿಲಿಂಡರ್ ಗೋಡೆ ಮೇಲೆ ತೆಳ್ಳಗೆ ತುಕ್ಕಿನ ಪುಡಿ ಇರುತ್ತೆ, ಒಂದೇಟಿಗೆ ಸೆಲ್ಫ್ ಹೊಡೆದ್ರೆ ಪಿಸ್ಟನ್ ಸುತ್ತ ಇರೋ ರಿಂಗ್ ಅದನ್ನ ಕೆರ್ಕೊಂಡು ಹೋಗುತ್ತೆ, ಕೆಲವು ಸಲ ರಿಂಗೇ ಮುರಿಯುತ್ತೆ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ಬಟ್ಟೆ ಮುಚ್ಚಿ ಎರಡು ದಿನ ಹಾಗೇ ಬಿಡಿ. ಆ ಕಾಲದ ಗಾಡಿಗೆ ಮುಂದೆ ಬಂಪರ್ ಹತ್ರ ಹ್ಯಾಂಡಲ್ ಹಾಕೋ ತೂತಿರುತ್ತೆ, ತಾತನ ಹ್ಯಾಂಡಲ್ ಡಿಕ್ಕಿಯಲ್ಲೋ ಅಟ್ಟದಲ್ಲೋ ಹುಡುಕಿ. ಪ್ಲಗ್ ಇಲ್ಲದೇ ಇರೋವಾಗ್ಲೇ ಕೈಯಲ್ಲಿ ನಿಧಾನ ತಿರುಗಿಸಿ. ತಿರುಗ್ಲಿಲ್ವಾ, ಇನ್ನೂ ಎಣ್ಣೆ ಬಿಟ್ಟು ಇನ್ನೂ ನಾಲ್ಕು ದಿನ ಕಾಯಿರಿ, ಹ್ಯಾಂಡಲ್ ಮೇಲೆ ನಿಂತು ಜಿಗಿಯೋದೆಲ್ಲಾ ಬೇಡ. ಮುಂದೆ ಪ್ಲಗ್ ಹಾಕಿ ಹ್ಯಾಂಡಲ್ ಹೊಡೆಯೋ ದಿನ ಬಂದ್ರೆ ಹೆಬ್ಬೆರಳು ಉಳಿದ ಬೆರಳಿನ ಜೊತೆಗೇ ಒಂದೇ ಕಡೆ ಇರಲಿ, ಸುತ್ತ ಹಿಡೀಬೇಡಿ. ಇಂಜಿನ್ ವಾಪಸ್ ಒದ್ದಾಗ ಹೆಬ್ಬೆರಳು ಮುರ್ಕೊಂಡೋರು ಹಿಂದಿನ ಕಾಲದ ಡ್ರೈವರುಗಳಲ್ಲಿ ಊರಿಗೊಬ್ಬರು ಸಿಕ್ತಿದ್ರು.

ಇಂಜಿನ್ ತಿರುಗಿದ್ರೆ ಅರ್ಧ ಗೆದ್ದ ಹಾಗೆ. ಹಳೇ ಆಯಿಲ್ ಇಳಿಸಿ ಹೊಸದು ಹಾಕಿ, ಹಳೇ ಪೆಟ್ರೋಲ್ ಟ್ಯಾಂಕಿಂದ ಪೂರ್ತಿ ಇಳಿಸಿ. ಅದರ ವಾಸನೆ ಈಗ ಪೆಟ್ರೋಲ್ ಥರ ಇರಲ್ಲ, ಮರಕ್ಕೆ ಹೊಡೆಯೋ ವಾರ್ನಿಷ್ ಥರ ಗಡ್ಸಾಗಿ ಮೂಗಿಗೆ ಹೊಡೆಯುತ್ತೆ, ಅದು ಕಾರ್ಬ್ಯುರೇಟರ್‌ಗೆ ಹೋದ್ರೆ ಬೆಲ್ಲದ ಪಾಕದ ಹಾಗೆ ಅಂಟ್ಕೊಳ್ಳುತ್ತೆ. ಮೊದಲ ಸಲಕ್ಕೆ ಟ್ಯಾಂಕ್ ಬೇಡವೇ ಬೇಡ, ಒಂದು ಕ್ಯಾನಿಂದ ಹೊಸ ಪೈಪ್ ಹಾಕಿ ಪಂಪಿಗೆ ಕೊಡಿ. ರೇಡಿಯೇಟರ್ ತೊಳೆದು ನೀರು ತುಂಬಿ. ಏರ್ ಕ್ಲೀನರ್ ಬಿಚ್ಚಿ ನೋಡಿ, ಇಲಿ ಸಂಸಾರ ಮಾಡಿರೋ ಸಾಧ್ಯತೆ ಬಹಳ, ವೈರಿಂಗನ್ನೂ ಅದೇ ಕಣ್ಣಿಂದ ನೋಡಿ. ಬ್ಯಾಟರಿ ಹಾಕೋಕ್ ಮುಂಚೆ ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ಅಂತ ಹಳೇ ಕೇಬಲ್ ನೋಡ್ಕೊಳ್ಳಿ, ಹಳೇ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ (ಪಾಸಿಟಿವ್ ಟರ್ಮಿನಲ್ ಬಾಡಿಗೆ) ಇರೋದುಂಟು, ಈಗಿನ ಅಭ್ಯಾಸದಲ್ಲಿ ಕಣ್ಮುಚ್ಚಿ ಬಾಡಿಗೆ ನೆಗೆಟಿವ್ ಕೊಟ್ರೆ ಏನಾದ್ರೂ ಸುಡಬಹುದು. ಆಮೇಲೆ ಪ್ಲಗ್ ಇಲ್ಲದೇನೇ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ಬಂದಿದ್ದು ಖಾತ್ರಿಯಾದ ಮೇಲೆ ಪ್ಲಗ್ ಹಾಕಿ.

ಸ್ಟಾರ್ಟ್ ಆಯ್ತು ಅಂತಿಟ್ಕೊಳ್ಳಿ. ಎಲ್ಲಾ ಚಪ್ಪಾಳೆ ಹೊಡೀತಾರೆ, ಆಗ ಯಾರಾದ್ರೂ ಒಬ್ಬರು "ಒಂದು ರೌಂಡ್ ಹೋಗ್ಬರೋಣ" ಅಂತಾರೆ. ಆ ಮನುಷ್ಯನ್ನ ದೂರ ಇಡಿ. ಬ್ರೇಕ್ ಆಯಿಲ್ ಗಾಳೀಲಿರೋ ತೇವ ಕುಡಿಯುತ್ತೆ, ಕುಡಿದದ್ದು ವೀಲ್ ಸಿಲಿಂಡರ್ (ಚಕ್ರದಲ್ಲಿ ಬ್ರೇಕ್ ಒತ್ತೋ ಪುಟ್ಟ ಸಿಲಿಂಡರ್) ಒಳಗೆ ತುಕ್ಕಾಗುತ್ತೆ. ನಾನು ಒಂದು ನಿಂತ ಗಾಡಿಯ ಸಿಲಿಂಡರ್ ಬಿಚ್ಚಿದಾಗ ರಬ್ಬರ್ ಬೂಟಿನ ಹಿಂದೆ ಕಂದು ಬಣ್ಣದ ಅಂಟು, ಒಳ್ಳೇ ಹುಣಸೇಹಣ್ಣು ಕಿವುಚಿದ ಹಾಗಿತ್ತು, ಪಿಸ್ಟನ್ ಹೊರಗೆ ಬರೋಕೆ ಮರದ ಗೂಟ ಇಟ್ಟು ಬಡೀಬೇಕಾಯ್ತು. ಅಂಥದ್ದೇ ನಿಮ್ಮ ನಾಲ್ಕೂ ಚಕ್ರದಲ್ಲಿ ಇರುತ್ತೆ. ಅದಕ್ಕಿಂತ ಮುಖ್ಯ, ಆ ಕಾಲದ ಗಾಡಿಗೆ ಒಂದೇ ಬ್ರೇಕ್ ಲೈನು. ಈಗಿನ ಗಾಡೀಲಿ ಒಂದು ಲೈನ್ ಒಡೆದ್ರೂ ಇನ್ನೊಂದು ಉಳಿಯುತ್ತೆ, ಇಲ್ಲಿ ಒಂದು ರಬ್ಬರ್ ಹೋಸ್ ಬಿರುಕು ಬಿಟ್ರೂ ಪೆಡಲ್ ನೆಲಕ್ಕೆ, ಕೈಗೆ ಉಳಿಯೋದು ಹ್ಯಾಂಡ್‌ಬ್ರೇಕ್ ಮಾತ್ರ. ಮಾಸ್ಟರ್ ಸಿಲಿಂಡರ್ ಕಿಟ್, ವೀಲ್ ಸಿಲಿಂಡರ್, ಎಲ್ಲಾ ರಬ್ಬರ್ ಹೋಸ್ ಹೊಸದೇ ಹಾಕಿ, ಇಲ್ಲಿ ಚೌಕಾಸಿ ಬೇಡ. ಬ್ರೇಕಿನ ರಬ್ಬರಿಗೆ ಗ್ರೀಸೋ ಇಂಜಿನ್ ಆಯಿಲ್ಲೋ ಸವರಬೇಡಿ, ಉಬ್ಬಿ ಹೋಗುತ್ತೆ, ಬ್ರೇಕ್ ಆಯಿಲ್ಲೇ ಸವರಿ. ಟೈರ್ ನೋಡೋಕೆ ಚೆನ್ನಾಗಿದ್ರೂ ಎಸೀರಿ.

ಪ್ರ: ಎಥನಾಲ್ 20 ಪರ್ಸೆಂಟ್ ಪೆಟ್ರೋಲ್‌ನಿಂದ ನಮ್ಮ ಹಳೇ ಗಾಡಿಗಳ ಕಥೆ ಮುಗೀತಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. (ಬೆಂಗಳೂರು, ಮಂಡ್ಯ, ಹುಬ್ಬಳ್ಳಿಯಿಂದ ಒಟ್ಟು ಐದು ಪತ್ರ)

ಉ: ಮುಗಿದಿಲ್ಲ, ಆದ್ರೆ ಸುಮ್ನೆ ಕೂರೋ ಹಾಗೂ ಇಲ್ಲ. 2000ದಲ್ಲಿ ಸೀಸ ಇಲ್ಲದ ಪೆಟ್ರೋಲ್ ದೇಶಪೂರ್ತಿ ಬಂದಾಗ್ಲೂ ವಾಲ್ವ್ ಸೀಟ್ ಎಲ್ಲಾ ಸುಟ್ಟು ಹೋಗುತ್ತೆ ಅಂತ ಇದೇ ಗಲಾಟೆ ಇತ್ತು, ದಿನಾ ಹೈವೇಲಿ ತುಳಿಯೋ ಕೆಲವರಿಗೆ ಸವೆತ ಬಂತು, ಭಾನುವಾರದ ಗಾಡಿಗಳಿಗೆ ಅಷ್ಟೇನೂ ಆಗ್ಲಿಲ್ಲ. ಎಥನಾಲ್ ತೊಂದರೆ ಕೊಡೋದು ಬೇರೆ ಕಡೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು ಇವು ಉಬ್ಬುತ್ತವೆ, ಮೆತ್ತಗಾಗ್ತವೆ, ಆಮೇಲೆ ಬಿರುಕು ಬಿಡ್ತವೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕೋದು ಅಂದ್ರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ. ಎಥನಾಲ್‌ಗೆ ತಡೆಯೋ ಪೈಪ್ ಅಂತಾನೇ ಕೇಳಿ ತಗೊಳ್ಳಿ, ಬರೀ "ಪೆಟ್ರೋಲ್ ಪೈಪ್ ಕೊಡಿ" ಅಂದ್ರೆ ಅಂಗಡಿಯವನು ಕೈಗೆ ಸಿಕ್ಕಿದ್ದು ಕೊಡ್ತಾನೆ. ಎರಡನೇದು, ಎಥನಾಲ್ ಟ್ಯಾಂಕಲ್ಲಿ ವರ್ಷಗಳಿಂದ ಕಚ್ಕೊಂಡಿರೋ ಗಸಿ ಎಲ್ಲಾ ಬಿಡಿಸ್ಕೊಂಡು ಬರುತ್ತೆ, ಅದಕ್ಕೆ ಶುರುವಲ್ಲಿ ಫಿಲ್ಟರ್ ಬೇಗ ಬೇಗ ಕಟ್ಕೊಳ್ಳುತ್ತೆ, ಒಂದೆರಡು ಜಾಸ್ತಿ ಇಟ್ಕೊಂಡಿರಿ. ಮೂರನೇದು ನೀರು. ಎಥನಾಲ್ ತೇವ ಎಳ್ಕೊಳ್ಳುತ್ತೆ, ಜಾಸ್ತಿ ಆದಾಗ ನೀರೂ ಎಥನಾಲೂ ಜೊತೆ ಸೇರಿ ಟ್ಯಾಂಕ್ ತಳಕ್ಕೆ ಇಳಿಯುತ್ತೆ, ಪಂಪಿನ ಪೈಪ್ ಎಳೆಯೋದು ಆ ತಳದಿಂದಾನೇ. ಮಳೆಗಾಲದಲ್ಲಿ ಎರಡು ತಿಂಗಳು ನಿಲ್ಲಿಸೋರು ಒಂದಾ ಟ್ಯಾಂಕ್ ಫುಲ್ ಮಾಡಿ ಒಳಗೆ ಗಾಳಿಗೆ ಜಾಗ ಇಲ್ಲದ ಹಾಗೆ ಇಡಿ, ಇಲ್ಲಾ ಪೂರ್ತಿ ಇಳಿಸಿಬಿಡಿ. ಕಾಲು ಟ್ಯಾಂಕ್ ಬಿಟ್ಟು ಹೋಗೋದು ಅತೀ ಕೆಟ್ಟದ್ದು.

ಇಂಜಿನ್ನಿಗೆ ಹೋಗೋ ಗಾಳಿ-ಪೆಟ್ರೋಲ್ ಮಿಕ್ಸ್ಚರ್ ಕೂಡ ಸ್ವಲ್ಪ ತೆಳುವಾಗುತ್ತೆ, ಗಾಡಿ ಎಳೆಯೋವಾಗ ತಡವರಿಸಿದ್ರೆ, ಪ್ಲಗ್ ಬೆಳ್ಳಗೆ ಸುಣ್ಣದ ಥರ ಕಂಡ್ರೆ, ಪೆಟ್ರೋಲ್ ಸ್ವಲ್ಪ ಜಾಸ್ತಿ ಕೊಡಿ. ಎಸ್‌ಯು ಕಂಪನಿ ಕಾರ್ಬ್ಯುರೇಟರ್ ಇರೋ ಅಂಬಾಸಿಡರ್‌ನವರಿಗೆ ಇದು ಕೆಳಗಿನ ಜೆಟ್ ನಟ್ಟು ಒಂದು ಮುಖ ತಿರುಗಿಸೋಷ್ಟು ಸುಲಭ, ಕೆಳಕ್ಕೆ ಇಳಿಸಿದಷ್ಟೂ ಪೆಟ್ರೋಲ್ ಜಾಸ್ತಿ.

ಪ್ರ: ಆಯಿಲ್ ಅಂಗಡೀಲಿ 5ಡಬ್ಲ್ಯೂ-30 ಸಿಂಥೆಟಿಕ್ ಹಾಕಿ, ಬೆಸ್ಟು ಅಂತಾರೆ. ಹಾಕ್ಲಾ? (ತುಮಕೂರು)

ಉ: ಬೇಡ. ನಿಮ್ಮ ಇಂಜಿನ್ನಿನ ಸಂದುಗಳು ಆ ನೀರಾದ ಆಯಿಲಿಗೆ ಮಾಡಿದ್ದಲ್ಲ, ಸೀಲಲ್ಲೆಲ್ಲಾ ಸೋರುತ್ತೆ, ಪ್ರೆಶರ್ ಬೀಳುತ್ತೆ. 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50, ಅಂದ್ರೆ ಗಟ್ಟಿಯಾದ ಸಾದಾ ಮಿನರಲ್ ಆಯಿಲ್ ಹಾಕಿ, ಆ ದುಡ್ಡಲ್ಲಿ ಎರಡು ಸಲ ಬದಲಾಯಿಸ್ಬಹುದು.

ಪ್ರ: ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಪಾರ್ಟ್ಸ್ ಅಂಗಡಿಗಳ ಜೆ.ಸಿ. ರೋಡ್ ಪೂರ್ತಿ ಸುತ್ತಿದೆ, "ಅದ್ಯಾವ ಗಾಡಿ" ಅಂತ ನನ್ನನ್ನೇ ಕೇಳ್ತಾರೆ. ಪಾರ್ಟ್ಸ್ ಎಲ್ಲಿ ಸಿಗುತ್ತೆ? (ಬೆಂಗಳೂರು)

ಉ: ನೀವು ಕೇಳಿದ್ದು ಬಾಯಲ್ಲಿ ಅಲ್ವಾ? ಹಳೇ ಪಾರ್ಟ್ ಕಾಗದದಲ್ಲಿ ಸುತ್ಕೊಂಡು ಹೋಗಿ, ಕೌಂಟರ್‌ನಲ್ಲಿರೋ ಹುಡುಗನಿಗಲ್ಲ, ಒಳಗೆ ಕುರ್ಚಿ ಹಾಕ್ಕೊಂಡು ಕೂತಿರೋ ವಯಸ್ಸಾದವರ ಕೈಗೆ ಕೊಡಿ. ಅವರು ಹೆಸರು ಕೇಳಲ್ಲ, ಕೈಯಲ್ಲಿ ತಿರುಗಿಸಿ ನೋಡಿ ಅಟ್ಟದ ಕಡೆ ಕೈ ತೋರಿಸ್ತಾರೆ. ಬೇರಿಂಗು, ಆಯಿಲ್ ಸೀಲು ಇಂಥವಕ್ಕೆ ಗಾಡಿ ಹೆಸರೇ ಬೇಡ, ಮೇಲೆ ನಂಬರ್ ಕೆತ್ತಿರುತ್ತೆ ಇಲ್ಲಾ ಒಳ ಹೊರ ಅಳತೆ ಸಾಕು. ಮದ್ರಾಸಲ್ಲಿ ತಯಾರಾದ ನಿಮ್ಮ ಹೆರಾಲ್ಡ್ ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್, ಅಲ್ಲಿ ಅದನ್ನ ಸಾಕೋರು ಇನ್ನೂ ಸಾಕಷ್ಟು ಜನ ಇರೋದ್ರಿಂದ ಎಷ್ಟೋ ಪಾರ್ಟ್ ಈಗ್ಲೂ ಹೊಸದಾಗಿ ತಯಾರಾಗ್ತವೆ, ಆ ದೇಶದಲ್ಲಿ ನೆಂಟರಿದ್ರೆ ಚಾಕಲೇಟ್ ಬದಲು ಅದು ತರಿಸಿ. ಮುಂದಿನ ಮಡ್‌ಗಾರ್ಡ್ ಸಮೇತ ಬಾನೆಟ್ ಇಡೀ ಮುಂದಕ್ಕೆ ಎತ್ತಿಟ್ಟು, ಟೈರ್ ಮೇಲೆ ಕೂತ್ಕೊಂಡು ಕೆಲಸ ಮಾಡೋ ಗಾಡಿ ಅದು, ಸೊಂಟ ನೋವಿರೋ ನನ್ನಂಥವರಿಗೆ ಹೊಟ್ಟೆಕಿಚ್ಚು.

ಪ್ರ: 1970ರ ಫಿಯಟ್ 1100. ಎಂವೈ ಅಂತ ಶುರುವಾಗೋ ಹಳೇ ನಂಬರ್. ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿದ್ರೆ ಲಾಭ ಇದೆಯಾ? ನಂಬರ್ ಹೋಗ್ಬಿಡುತ್ತಾ? (ಮೈಸೂರು)

ಉ: ನಂಬರ್ ಹೋಗಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಎರಡು ಚಕ್ರ ನಾಲ್ಕು ಚಕ್ರದ ಗಾಡಿಗಳು ವಿಂಟೇಜ್ ಲೆಕ್ಕ. ಈಗಾಗ್ಲೇ ನಂಬರ್ ಇರೋವು ಅದನ್ನೇ ಇಟ್ಕೋಬಹುದು, ಹೊಸದಾಗಿ ಮಾಡಿಸೋವಕ್ಕೆ ಮಾತ್ರ ನಡುವೆ "ವಿಎ" ಅಂತ ಬರುತ್ತೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರು ನೋಂದಣಿಗೆ 5,000, ಒಂದ್ಸಲ ಮಾಡಿಸಿದ್ರೆ 10 ವರ್ಷ. (ಕ್ಲಬ್ಬಿನವರು ವಿಂಟೇಜ್ ಅಂದ್ರೆ 1919ರಿಂದ 1930ರೊಳಗಿಂದು ಅಂತ ಮೂಗು ಮುರೀತಾರೆ, ಅದು ಅವರ ಲೆಕ್ಕ, ಆರ್‌ಟಿಒ ಲೆಕ್ಕ ಬೇರೆ.)

ಲಾಭದ ಮಾತಿಗೆ ಬಂದ್ರೆ, ಆ ರಿಜಿಸ್ಟ್ರೇಷನ್ ಆದ ಗಾಡಿನ ದಿನಾ ಓಡಿಸೋ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸ್ಬಹುದು. ನಿಮ್ಮದು ಆರ್‌ಸಿ ಜೀವಂತ ಇದ್ದು, ಭಾನುವಾರ ನಂಜನಗೂಡಿಗೆ ಹೋಗಿ ಬರೋ ಗಾಡಿಯಾದ್ರೆ ಮಾಮೂಲಿ ಥರ ಐದೈದು ವರ್ಷಕ್ಕೆ ರಿನ್ಯೂ ಮಾಡಿಸ್ಕೊಂಡು ಹೋಗಿ ಅಂತೀನಿ ನಾನು. ಶೆಡ್ಡಲ್ಲಿ ಪೂಜೆಗಿಟ್ಟ ಗಾಡಿಯವರಿಗೆ ವಿಂಟೇಜ್ ಸರಿ. ಅಂದ ಹಾಗೆ ಮೈಸೂರಿನವರು ಶ್ರೀರಂಗಪಟ್ಟಣದ ಹತ್ರ ಇರೋ ಪಯಣ ಮ್ಯೂಸಿಯಂ ನೋಡಿಲ್ಲದಿದ್ರೆ ಹೋಗ್ಬನ್ನಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಅದು, ನಿಮ್ಮ ಫಿಯಟ್ಟಿಗೆ ಯಾವ ಹಬ್‌ಕ್ಯಾಪ್, ಯಾವ ಬಣ್ಣ ಅನ್ನೋ ಥರದ ಜಗಳಗಳಿಗೆ ಹಳೇ ಗಾಡಿ ಕಣ್ಣಾರೆ ನೋಡೋದಕ್ಕಿಂತ ಒಳ್ಳೇ ಪಂಚಾಯ್ತಿ ಇಲ್ಲ.

ಪ್ರ: ನಮ್ಮೆಜಮಾನ್ರು ರಿಟೈರ್ ಆದ್ಮೇಲೆ ಒಂದು ಹಳೇ ಫಿಯಟ್ ತಂದಿದಾರೆ. ಭಾನುವಾರ ಪೂರ್ತಿ ಅದರ ಕೆಳಗೇ ಇರ್ತಾರೆ, ಬರೀ ಎರಡು ಕಾಲು ಕಾಣುತ್ತೆ. ಊಟಕ್ಕೆ ಕರೆದ್ರೆ "ಹತ್ನಿಮಿಷ" ಅಂತಾರೆ. ನಿಮ್ಮ ಅಂಕಣ ಓದಿಯೇ ಇಷ್ಟೆಲ್ಲಾ ಆಗಿದ್ದು, ನೀವೇ ಒಂದು ಮಾತು ಹೇಳಿ. (ಹೆಸರು ಬೇಡ, ಶಿವಮೊಗ್ಗ)

ಉ: ಮೇಡಂ, ಊಟದ ವಿಷಯದಲ್ಲಿ ನಾನು ಬಾಯಿ ಹಾಕಲ್ಲ, ನಮ್ಮನೇಲೂ ಅದೇ ಕೇಸು ನಡೀತಿದೆ. ಆದ್ರೆ ಆ ಎರಡು ಕಾಲಿನ ಪಕ್ಕ ಒಂದ್ಸಲ ಬಗ್ಗಿ ನೋಡಿ, ಗಾಡಿ ಬರೀ ಜಾಕ್ ಮೇಲೆ ನಿಂತಿದೆಯಾ ಅಂತ. ಹಾಗಿದ್ರೆ ಊಟಕ್ಕಲ್ಲ, ಮೊದಲು ಅದಕ್ಕೆ ಜಗಳ ಆಡಿ. ಜಾಕ್ ಇರೋದು ಎತ್ತೋಕೆ ಮಾತ್ರ, ಹೊತ್ಕೊಂಡು ನಿಲ್ಲೋಕಲ್ಲ. ಹೈಡ್ರಾಲಿಕ್ ಜಾಕ್‌ನ ಒಳಗಿನ ಸೀಲ್ ಹೋದ್ರೆ ಹೇಳದೇ ಕೇಳದೇ ಇಳಿಯುತ್ತೆ. ಎರಡು ಜಾಕ್ ಸ್ಟ್ಯಾಂಡ್ ತರಿಸಿ, ಇಟ್ಟಿಗೆ ಹಾಲೋ ಬ್ಲಾಕ್ ಮಾತ್ರ ಬೇಡ, ಅವು ಒಂದೇಟಿಗೆ ಪುಡಿಯಾಗ್ತವೆ. ಎತ್ತದೇ ಇರೋ ಚಕ್ರಗಳ ಹಿಂದೆ ಮುಂದೆ ಮರದ ತುಂಡು ಇರಲಿ, ನೆಲ ಸಿಮೆಂಟಿಂದಾಗಿರಲಿ. ಕೆಳಗೆ ಹೋಗೋಕ್ ಮುಂಚೆ ಗಾಡೀನ ಒಂದ್ಸಲ ಜೋರಾಗಿ ತಳ್ಳಿ ನೋಡೋಕೆ ಹೇಳಿ, ಬೀಳೋದಾದ್ರೆ ಆಗ್ಲೇ ಬೀಳ್ಲಿ.

ಇನ್ನೊಂದು, ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಕಪ್ಪು ಧೂಳನ್ನ ಬಾಯಲ್ಲಿ ಊದೋ ಅಭ್ಯಾಸ ಗಂಡಸರಿಗೆಲ್ಲಾ ಇರುತ್ತೆ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ಹೋಗ್ಬಾರ್ದು. ನೀರು ಚಿಮುಕಿಸಿ, ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೆ ಕವರ್‌ಗೆ ಹಾಕಿ ಕಟ್ಟಿ ಬಿಸಾಕ್ಬೇಕು, ಮನೆ ವಾಷಿಂಗ್ ಮಶೀನಿಗೆ ಹಾಕೋ ಹಾಗಿಲ್ಲ. ಮಶೀನಿನ ಮಾತು ಬಂತಲ್ಲ, ಗ್ರೀಸ್ ಬಟ್ಟೆ ಅದರೊಳಗೆ ಆಗ್ಲೇ ಒಂದೆರಡು ಸಲ ಹೋಗಿರುತ್ತೆ ಅನ್ನೋದು ನನ್ನ ಗುಮಾನಿ. ಕೇಳಿ ನೋಡಿ, ಮುಖ ನೋಡಿದ್ರೆ ಗೊತ್ತಾಗುತ್ತೆ.